ಊರೂರು ಸುತ್ತಿ: ಓಬವ್ವನಿಗೆ ಕಿಂಡಿ, ಮಯೂರನಿಗೆ ಕಲ್ಲು!

ಚಿತ್ರದುರ್ಗ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಯಾರು ಬರ್ತಾರೆ? ಮದಕರಿ ನಾಯಕ ಅಂದ್ರೆ ನಾನು ನಂಬೋದಿಲ್ಲ. ರಾಮಾಚಾರಿಯೇ ಬರಬೇಕು! ಬಂಡೆಯ ಮೇಲೆ ಕಾಲೂರಿ, ಊರಿಗೆಲ್ಲ ಸವಾಲು ಹಾಕೋ ಹಾಗೆ ನಿಂತ ವಿಷ್ಣುವರ್ಧನ್! 1972ರ ಡಿಸೆಂಬರ್ ಕೊನೆಯಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆ ಕಂಡಾಗ ಹುಟ್ಟದೇ ಇದ್ದ ಹುಡುಗರೂ ಇವತ್ತು ಕೋಟೆ ಹತ್ತಿ ಕೇಳೋ ಮೊದಲ ಪ್ರಶ್ನೆ ಒಂದೇ: “ಅಣ್ಣಾ, ರಾಮಾಚಾರಿ ಕೂತಿದ್ದ ಬಂಡೆ ಯಾವುದು?”

ಗೈಡು ಯಾವುದೋ ಒಂದನ್ನ ತೋರಿಸ್ತಾನೆ. ದುರ್ಗದಲ್ಲಿ ಬಂಡೆಗೇನು ಬರ!

ಬಂಡೆಯೇ ಇಲ್ಲಿ ಅರ್ಧ ಕೋಟೆ. ಗುಡ್ಡ ಎಲ್ಲಿ ತಾನೇ ಗೋಡೆಯಾಗಿ ನಿಂತಿದೆಯೋ ಅಲ್ಲಿ ಸುಮ್ಮನಿದ್ದು, ಎಲ್ಲಿ ಸಂದು ಬಿಟ್ಟಿದೆಯೋ ಅಲ್ಲಿ ಮಾತ್ರ ಕಲ್ಲು ಜೋಡಿಸಿದ್ದಾರೆ. ಏಳು ಸುತ್ತು. ಹತ್ತೊಂಬತ್ತು ಹೆಬ್ಬಾಗಿಲು ಅಂತ ಗೈಡಿನ ಲೆಕ್ಕ. ಒಂದು ಬಾಗಿಲು ದಾಟಿದ್ದೇ ತಡ, ದಾರಿ ತಟ್ಟನೆ ತಿರುಗಿಬಿಡುತ್ತೆ. ಯಾಕೆ ಗೊತ್ತೇ? ಶತ್ರುವಿನ ಆನೆಗೆ ಓಡಿಬಂದು ಗುದ್ದೋಕೆ ಜಾಗ ಸಿಗಬಾರದು! ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ. ಮಳೆ ಕಮ್ಮಿ ಬೀಳೋ ಸೀಮೆಯವರ ಬುದ್ಧಿ ನೋಡಿ. ಮದ್ದು ಅರೆಯುತ್ತಿದ್ದ ದೊಡ್ಡ ಕಲ್ಲಿನ ಚಕ್ರಗಳೂ ಗುಂಡಿಯಲ್ಲಿ ಹಾಗೇ ಬಿದ್ದಿವೆ.

ಆದರೆ ಜನ ಸೇರೋದು ಇಲ್ಲೆಲ್ಲೂ ಅಲ್ಲ. ಓಬವ್ವನ ಕಿಂಡಿಯ ಹತ್ತಿರ.

ಮೊದಲ ಸಲ ನೋಡಿದವರಿಗೆ “ಇಷ್ಟೇನಾ?” ಅನ್ನಿಸುತ್ತೆ. ಬಂಡೆಗಳ ನಡುವೆ ಒಂದು ಸಂದು, ಅಷ್ಟೇ. ಒಳಗೆ ನುಗ್ಗಬೇಕಾದರೆ ತಲೆ ತಗ್ಗಿಸಬೇಕು, ಬೆನ್ನು ಬಗ್ಗಿಸಬೇಕು, ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ನಾನೂ ನುಗ್ಗಿ ನೋಡಿದೆ. ಅರ್ಧ ದಾರಿಯಲ್ಲಿ ಕತ್ತು ಮುಂದೆ, ಮೈ ಹಿಂದೆ. ಕೈ ಎತ್ತೋಕೆ ಆಗೋದಿಲ್ಲ, ಕತ್ತಿ ಹಿರಿಯೋ ಮಾತಂತೂ ದೂರ. ಆಗ ತಿಳಿಯಿತು, ಒನಕೆ ಸಾಕು! ಆಚೆ ಮಗ್ಗುಲಲ್ಲಿ ನಿಂತವಳಿಗೆ ಬೇರೆ ಆಯುಧವೇ ಬೇಡ.

ಕಥೆ ನಿಮಗೆ ಗೊತ್ತೇ ಇದೆ. ಹೈದರಾಲಿಯ ಮುತ್ತಿಗೆಯ ಕಾಲ. ಕಾವಲಿನ ಕಹಳೆ ಮುದ್ದ ಹನುಮ ಊಟಕ್ಕೆ ಮನೆಗೆ ಬಂದಿದ್ದ. ನೀರಿಗೆ ಹೋದ ಹೆಂಡತಿಗೆ ಕಿಂಡಿಯ ಕಡೆಯಿಂದ ಸದ್ದು ಕೇಳಿತು. ಉಣ್ಣುತ್ತಿದ್ದ ಗಂಡನನ್ನ ಎಬ್ಬಿಸಲಿಲ್ಲ, ಒನಕೆ ಹಿಡಿದಳು. ನೀರು ತರೋಕೆ ಹೋದಳು ಅನ್ನೋ ತಣ್ಣೀರು ದೋಣಿ ಈಗಲೂ ಅಲ್ಲೇ ಪಕ್ಕದಲ್ಲಿದೆ. ಅವಳ ಸಾವನ್ನ ಮಾತ್ರ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಓಬವ್ವನ ಹೆಸರಿನ ಅಂದಿನ ಶಾಸನ ಯಾರೂ ತೋರಿಸೋದಿಲ್ಲ. ರಾಜರಿಗೆ ಆಸ್ಥಾನ ಕವಿಗಳಿದ್ದರು. ಕಹಳೆ ಊದೋನ ಹೆಂಡತಿಗೆ, ಛಲವಾದಿ ಮನೆತನದವಳು ಅಂತ ಜನ ಹೇಳೋ ಹೆಣ್ಣುಮಗಳಿಗೆ ಯಾರು ಕಲ್ಲು ಕೆತ್ತಿಸ್ತಾರೆ? ಜನರ ಬಾಯಿಯೇ ಅವಳ ಶಾಸನ. ಆ ಬಾಯಿಮಾತಿಗೆ ನಾಡಿನ ಉದ್ದಗಲ ಒಂದು ಮುಖ ಕೊಟ್ಟಿದ್ದು ‘ನಾಗರಹಾವು’. ಒಂದೇ ಒಂದು ಹಾಡು, ಅದರಲ್ಲಿ ಜಯಂತಿ! ಆ ಕಣ್ಣು, ಆ ಕಚ್ಚೆ, ಆ ಸಿಟ್ಟು! ಇವತ್ತಿಗೂ ಓಬವ್ವ ಅಂದರೆ ಜಯಂತಿಯೇ. ಸಿನಿಮಾದವರು ಇತಿಹಾಸ ಕೆಡಿಸ್ತಾರೆ ಅಂತ ಗೊಣಗೋ ಪಂಡಿತರನ್ನ ಒಮ್ಮೆ ಈ ಕಿಂಡಿಯ ಮುಂದೆ ಕರೆತಂದು ನಿಲ್ಲಿಸಬೇಕು. ಜಯಂತಿ ತೀರಿಕೊಂಡಿದ್ದು 2021ರ ಜುಲೈಯಲ್ಲಿ. ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸಬೇಕು ಅಂತ ಸರ್ಕಾರ ತೀರ್ಮಾನ ಮಾಡಿದ್ದೂ ಅದೇ ವರ್ಷ.

ಹಾಡು ಹೇಳದ ಸಂಗತಿಯೂ ಒಂದಿದೆ. ಕಿಂಡಿ ಉಳೀತು, ಕೋಟೆ ಉಳೀಲಿಲ್ಲ. 1779ರಲ್ಲಿ ದುರ್ಗ ಹೈದರನ ಕೈಸೇರಿತು. ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅವನ ಪಡೆಯ ಬೇಡರನ್ನೂ ಸಾವಿರಗಟ್ಟಲೆ ಅತ್ತ ಸಾಗಿಸಿದರು. ತ.ರಾ.ಸು. ಈ ಪತನವನ್ನೇ ‘ದುರ್ಗಾಸ್ತಮಾನ’ ಅಂತ ಬರೆದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1985ರಲ್ಲಿ, ಅವರು ತೀರಿಹೋದ ಮೇಲೆ. ‘ನಾಗರಹಾವು’ ಕಥೆಯೂ ಅವರದೇ ಕಾದಂಬರಿಗಳಿಂದ ಬಂದದ್ದು ಅನ್ನೋದನ್ನ ಅಭಿಮಾನಿಗಳಿಗೆ ನೆನಪಿಸಬೇಕಿಲ್ಲ ತಾನೇ?

ಸರಿ, ಈಗ ಅಣ್ಣಾವ್ರ ಅಭಿಮಾನಿಗಳಿಗೆ ಬರೋಣ. ಕೋಟೆ ನೋಡಿ ಹಾಗೇ ಬಸ್ ಹತ್ತಿಬಿಡ್ತೀರಲ್ಲ, ಬೆಟ್ಟದ ಆಚೆ ಮಗ್ಗುಲಿನ ಚಂದ್ರವಳ್ಳಿಗೆ ಎಷ್ಟು ಜನ ಹೋಗಿದ್ದೀರಿ? ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಒಂದು ಬಂಡೆ ಇದೆ. ಅದರ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಮೂರೇ ಸಾಲು. ಬರೆಸಿದ್ದು ಯಾರು ಅಂತೀರಿ? ಮಯೂರ! 1975ರ ಚಿತ್ರದಲ್ಲಿ ಸಿಂಹದ ಹಾಗೆ ಗರ್ಜಿಸಿದ ಅದೇ ಮಯೂರ. ಸುಮಾರು ನಾಲ್ಕನೇ ಶತಮಾನದ ಕದಂಬರ ಮಯೂರಶರ್ಮ. ದುರ್ಗದ ನಾಯಕರು ಹುಟ್ಟೋಕೆ ಸಾವಿರ ವರ್ಷ ಮುಂಚಿನ ಮಾತು. 1929ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ನೆಲ ಅಗೆಸಿದರು, 1947ರಲ್ಲಿ ವ್ಹೀಲರ್ ಸಾಹೇಬರು ಬಂದರು. ಶಾತವಾಹನರ ನಾಣ್ಯ ಸಿಕ್ಕಿತು. ರೋಮಿನ ಬೆಳ್ಳಿ ನಾಣ್ಯವೂ ಸಿಕ್ಕಿತು! ಸಮುದ್ರದಾಚೆಯ ಚಕ್ರವರ್ತಿಯ ದುಡ್ಡು ದುರ್ಗದ ಬುಡಕ್ಕೆ ಬಂದಿತ್ತು ಅಂದರೆ ಇಲ್ಲಿ ಎಂಥ ವ್ಯಾಪಾರ ನಡೀತಿತ್ತು ಲೆಕ್ಕ ಹಾಕಿ.

ಆ ಮೂರು ಸಾಲಿನಲ್ಲಿ ಏನಿದೆ? ಗೆದ್ದ ರಾಜರ ಪಟ್ಟಿ ಇದೆ, ನಿಜ. ಆದರೆ ಮುಖ್ಯ ವಿಷಯ, ಮಯೂರಶರ್ಮ ಇಲ್ಲಿ ಕೆರೆ ಮಾಡಿಸಿದ ಅನ್ನೋದು. ಕತ್ತಿ ಹಿಡಿದವನು ಕಲ್ಲಿನ ಮೇಲೆ ಬಿಟ್ಟುಹೋಗಿದ್ದು ನೀರಿನ ಸುದ್ದಿ!

ನಾನು ಹೋದ ದಿನ ಆ ಕಲ್ಲಿನ ಮುಂದೆ ಒಬ್ಬರೂ ಇರಲಿಲ್ಲ. ಕೋಟೆಯ ಗೋಡೆಗಳ ಮೇಲೆ ಮಾತ್ರ ಎಲ್ಲೆಲ್ಲೂ ಹೊಸ ಶಾಸನಗಳು: ಹೃದಯದ ಚಿತ್ರ, ಅದರೊಳಗೆ ಬಾಣ, ಬಾಣದ ಎರಡೂ ತುದಿಗೆ ಹೆಸರು. ಮೊಳೆಯಿಂದ ಗೀಚಿದ್ದು, ಬಣ್ಣದಲ್ಲಿ ಬರೆದದ್ದು. ಗೆಳೆಯರೇ, ಮಯೂರಶರ್ಮ ಬಂಡೆ ಮೇಲೆ ಹೆಸರು ಕೊರೆಸಿದ್ದು ಕೆರೆ ಕಟ್ಟಿಸಿದ ಮೇಲೆ. ನೀವೇನು ಕಟ್ಟಿಸಿದ್ದೀರಿ ಸ್ವಾಮಿ? ಅಷ್ಟು ದೊಡ್ಡ ಕೆಲಸ ಮಾಡಿದ ಓಬವ್ವನೇ ಎಲ್ಲೂ ಹೆಸರು ಗೀಚಲಿಲ್ಲ!

ಇನ್ನೊಂದು ಸ್ವಾರಸ್ಯ ಬಾಕಿ ಇದೆ. ಸಿನಿಮಾದಲ್ಲಿ ಮಯೂರ ಹುಟ್ಟಾ ರಾಜಕುಮಾರ. ಕದಂಬರದೇ ಇನ್ನೊಂದು ಶಾಸನ ಹೇಳೋದು ಬೇರೆ: ತಾತನ ಜೊತೆ ಕಂಚಿಗೆ ವೇದ ಓದಲು ಹೋಗಿದ್ದ ಹುಡುಗ, ಪಲ್ಲವರ ಕುದುರೆ ಸವಾರನ ಜೊತೆ ಜಗಳ, ಅವಮಾನ, ದರ್ಭೆ ಹಿಡಿದ ಕೈಗೆ ಕತ್ತಿ! ಇದೇ ಒಳ್ಳೆ ಚಿತ್ರಕಥೆ ಅಂತ ನನಗನ್ನಿಸುತ್ತೆ. ಆ ಕಂಬ ಇರೋದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ. ಶಿರಾಳಕೊಪ್ಪದ ಬಸ್ ಹಿಡೀಬೇಕು. ಮುಂದಿನ ವಾರ ಅಲ್ಲಿಗೆ.