ಕಳಸೂದು ಕಳಸ್ರಿ, ಹೆಸರು ಹಚ್ಚಿ ಕಳಸ್ರಿ

ಮುಂಜಾನೆದ್ದು ಚಹಾ ಕುದಿಯೂದ್ರಾಗ ನನ್ನ ಮೊಬೈಲಿಗೆ ಇಪ್ಪತ್ತು ಗುಲಾಬಿ ಹೂವು ಬಂದಿರ್ತಾವ. ಹಿಂಗಾಗಿ ಓಣಿ ಗ್ರೂಪಿನ್ಯಾಗ ಯಾರರ ಒಂದು ವಿಚಿತ್ರ ಚಿತ್ರ, ಎಲ್ಲೂ ಕೇಳದ ಹಾಡು ಹುಡುಕಿ ಹಾಕಿದ್ರ ನನಗ ಭಾಳ ಖುಷಿ. ಅಡಗಿ ಮನ್ಯಾಗ ನಿಂತು ಇಷ್ಟೆಲ್ಲಾ ನೋಡೂದು ನಮ್ಮವ್ವಗ ಎಲ್ಲಿ ಸಿಕ್ಕಿತ್ತು? ಇದನ್ನ ಟೈಮ್ ಪಾಸ್ ಅನ್ನೂ ಗಂಡಸರ ಮಾತು ನಾ ಒಪ್ಪಂಗಿಲ್ಲ. ಆದ್ರ ನಂದೂ ಒಂದು ತಕರಾರು ಅದ.

ಹೋದ ವರ್ಷ ನಮ್ಮ ಮನ್ಯಾಗ ಕುಬಸದ ಕಾರ್ಯ ಇತ್ತು. ನಮ್ಮತ್ತಿ ಬೀಸೂ ಕಲ್ಲಿನ ಪದ ಹಾಡಿದ್ರು. ಕಲ್ಲು ಈಗ ಹಿತ್ತಲದಾಗ ಬಿದ್ದದ, ಅದರ ಮ್ಯಾಲ ತುಳಸಿ ಕುಂಡಿ ಇಟ್ಟೀವಿ. ಪದ ಮಾತ್ರ ಅವರ ಬಾಯಾಗ ಹಂಗೇ ಉಳದಾವ. ನಾದಿನಿ ಮಗಳು ರೆಕಾರ್ಡ್ ಮಾಡಿ ಬಳಗದವರಿಗೆಲ್ಲ ಕಳಸಿದ್ಳು. ಎರಡು ತಿಂಗಳಾದ ಮ್ಯಾಲ ಅದೇ ಪದ ತಿರಗಿ ನಮಗೇ ಬಂತು. ಹಿಂದ ತಬಲಾ ಕೂಡಿಸ್ಯಾರ, ಯಾವುದೋ ಹಸರು ಹೊಲದ ಚಿತ್ರ ಹಾಕ್ಯಾರ, ಕೆಳಗ 'ಅಜ್ಞಾತ ಅಜ್ಜಿ' ಅಂತ ಬರದಾರ. ಅತ್ತಿ ಕೇಳಿ ಒಂದು ಗಳಿಗಿ ಸುಮ್ಮ ಕುಂತ್ರು. "ಇದು ನಂದೇ ದನಿ ಅಲ್ಲೇನವಾ? ನಾ ಇನ್ನ ಬದಕೀನಲ್ಲ" ಅಂದ್ರು.

ನನಗ ಏನ ಹೇಳಬೇಕಂತ ತಿಳೀಲಿಲ್ಲ. ತಬಲಾ ಕೂಡಿಸಿದವರನ್ನ ಬೈಬೇಕಂದ್ರ ಅವರು ಯಾರಂತ ಗೊತ್ತಿಲ್ಲ. ಖರೇ ಹೇಳಬೇಕಂದ್ರ ಮೊದಲ ಕಳಸುವಾಗ ನಾವೇ ಹೆಸರು ಬರದಿರಲಿಲ್ಲ.

ಜಾನಪದಕ್ಕ ಯಾರ ಹೆಸರು, ಅದು ಎಲ್ಲರ ಸೊತ್ತು ಅಂತಾರ ಕೆಲವರು. ಪದ ಎಲ್ಲರದು, ಒಪ್ಪೀನಿ. ದನಿ ಎಲ್ಲರದಲ್ಲ.

ಚಿತ್ರದ್ದೂ ಹಿಂಗೇ. ಸುರಪುರ ನಾಯಕ ಅರಸರ ಕಾಲದಾಗ ಗರುಡಾದ್ರಿ ಮನೆತನದವರು ಬಂಗಾರ ಹಚ್ಚಿ, ಕೂದಲೆಳಿಯಂಥ ಗೆರಿ ಎಳದು ಚಿತ್ರ ಬರೀತಿದ್ರು. ಮೊನ್ನಿ ಅಂಥಾದೊಂದು ಗ್ರೂಪಿಗೆ ಬಂತು, ಕೆಳಗ ತಂಜಾವೂರು ಅಂತ ಇತ್ತು. ಸುರಪುರದಾಗೇ ಹುಟ್ಟಿ ಬೆಳದ ನಾಕು ಮಂದಿ ಅದಕ್ಕ 'ಸೂಪರ್' ಅಂತ ಹಾಕಿದ್ರು. ನಾನೂ ಹಾಕೀನಿ, ಆಮ್ಯಾಲ ಮಗ ತೋರಿಸಿದ ಮ್ಯಾಲ ತಿಳೀತು.

ಇದೇ ಚಿಂತ್ಯಾಗ ಹಳೀ ಗ್ರಾಮಫೋನ್ ಹಾಡು ಹುಡುಕೂಮುಂದ ಗೌಹರ್ ಜಾನ್ ಸಿಕ್ಕಳು. 1902ರಾಗ ಕಲಕತ್ತಾದಾಗ ಹಾಡಿದಾಕಿ. ಒಂದು ಪ್ಲೇಟು ಅಂದ್ರ ಮೂರೇ ನಿಮಿಷ. ಹಾಡು ಮುಗೀತು ಅನ್ನೂದ್ರಾಗ ಗತ್ತಿಲೆ, ಇಂಗ್ಲೀಷಿನ್ಯಾಗ, ತನ್ನ ಹೆಸರು ತಾನೇ ಹೇಳ್ತಾಳ! ಯಾಕಂದ್ರ ಆಗ ಪ್ಲೇಟು ತಯಾರಾಗೂದು ಜರ್ಮನಿ ಹ್ಯಾನೋವರದಾಗ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡಂತ ತಿಳೀಬೇಕಲ್ಲ. ಕಡೀಕ ಈಕಿ ನಮ್ಮ ಮೈಸೂರಿಗೇ ಬಂದು 1930ರಾಗ ಅಲ್ಲೇ ತೀರಿಕೊಂಡ್ಳು. ಪ್ಲೇಟಿನ ಚೀಟಿ ಕಿತ್ತು ಹೋದ್ರೂ ಆಕಿ ಹೆಸರು ಹಾಡಿನ ಕೂಡೇ ಅದ.

ನಾನು ಅದನ್ನ ಅತ್ತಿಗಿ ಮೂರು ಸಲ ಕೇಳಿಸಿದೆ. ನಕ್ಕೊಂತ, "ನಮಗ ಒಡಪಿನ್ಯಾಗ ಗಂಡನ ಹೆಸರು ಹೇಳೂದು ಕಲಿಸ್ಯಾರ, ನಮ್ಮ ಹೆಸರು ಹೇಳೂದು ಯಾರ ಕಲಿಸ್ಯಾರ?" ಅಂದ್ರು.

ಅದಕ್ಕ ಅಕ್ಕಂದೀರ, ನೀವು ಛಲೋದು ಏನರ ಹುಡುಕಿದ್ರ ಕಳಸೂದು ಬಿಡಬ್ಯಾಡ್ರಿ. ಯಾರದು, ಯಾವ ಊರಿಂದು, ಎಲ್ಲಿ ಸಿಕ್ತು ಅಂತ ಒಂದು ಸಾಲು ಬರೀರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ, ತಿಳದವರು ಹೇಳ್ರಿ ಅಂತ ಹಾಕ್ರಿ. ಮನೀ ಮಂದಿ ಹಾಡಿದ್ದಾದ್ರ ಮೊದಲ ಅವರನ್ನ ಕೇಳ್ರಿ.

ಅತ್ತಿ ಬಾಯಾಗ ಇನ್ನ ಹತ್ತು ಪದ ಅದಾವಂತ. ಹೋದ ಭಾನುವಾರ ಒಂದು ಹಾಡಿದ್ರು. ಮುಗದ ಮ್ಯಾಲ ಮೊಬೈಲಿನ ಹತ್ರ ಬಗ್ಗಿ, ಸೆರಗು ಸರಿ ಮಾಡ್ಕೊಂಡು, ತಮ್ಮ ಹೆಸರು ಹೇಳಿದ್ರು, ತವರುಮನಿ ಊರು ಹೇಳಿದ್ರು. ಆಮ್ಯಾಲ "ಕುಂಯ್ ಅಂತ ಕುಕ್ಕರ್ ಕೂಗಿದ್ದೂ ಬಂತೇನ?" ಅಂತ ಕೇಳಿದ್ರು. ಬಂದದ. ತಗದಿಲ್ಲ.