ತುಕ್ಕಿನ ಮೇಲೆ ಗಾರೆ ಮೆತ್ತಬೇಡಿ

ಕರಾವಳಿಯ ಎಂಜಿನಿಯರುಗಳೇ, ಗುತ್ತಿಗೆದಾರರೇ, ಪಂಚಾಯಿತಿ ಸದಸ್ಯರೇ, ಬಿರುಕುಬಿಟ್ಟ ಸ್ಲ್ಯಾಬಿಗೆ ಗಾರೆ ಮೆತ್ತಿ, ಬಣ್ಣ ಬಳಿದು ಬಿಲ್ ಬರೆಯುವುದನ್ನು ಇನ್ನಾದರೂ ನಿಲ್ಲಿಸಿ.

1986ರ ಜುಲೈ 5ರಂದು ಪಣಜಿಯ ಮಾಂಡವಿ ಸೇತುವೆ ಕುಸಿದುಬಿತ್ತು. ಕಟ್ಟಿ ಎರಡು ದಶಕವೂ ಆಗಿರಲಿಲ್ಲ. ಒಳಗಿನ ಉಕ್ಕನ್ನು ತುಕ್ಕು ತಿಂದಿತ್ತು. ಅದೇ ಉಪ್ಪುಗಾಳಿ ಕಾರವಾರದಿಂದ ಉಳ್ಳಾಲದವರೆಗೂ ನಮ್ಮ ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕುಗಳ ಮೇಲೆ ಬೀಸುತ್ತಿದೆ.

ಕಾಂಕ್ರೀಟಿನ ಕ್ಷಾರಗುಣ ಒಳಗಿನ ಉಕ್ಕಿನ ಸರಳಿನ ಮೇಲೆ ತೆಳುಪದರ ಕಟ್ಟಿ ಅದನ್ನು ಕಾಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪದರ ಒಡೆದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಕಾಂಕ್ರೀಟು ಸೀಳುತ್ತದೆ. ಇಷ್ಟು ನಿಮಗೆಲ್ಲ ಗೊತ್ತು. ಆದರೆ ಸಡಿಲ ಭಾಗವನ್ನಷ್ಟೇ ಕೆತ್ತಿ ಹೊಸ ಗಾರೆ ತುಂಬಿದಾಗ ಏನಾಗುತ್ತದೆ? ತೇಪೆಯೊಳಗಿನ ಸರಳು ಬಚಾವಾಗುತ್ತದೆ. ಅಂಚಿನಾಚೆ, ಉಪ್ಪುಂಡ ಹಳೆಯ ಕಾಂಕ್ರೀಟಿನಲ್ಲಿರುವ ಅದೇ ಸರಳು ಮೊದಲಿಗಿಂತ ಬೇಗ ಸವೆಯುತ್ತದೆ. ಕೆಲವೇ ವರ್ಷಗಳಲ್ಲಿ ತೇಪೆಯ ಸುತ್ತಲೇ ಹೊಸ ಬಿರುಕು, ಮತ್ತೆ ಟೆಂಡರು. ತಲೆಯ ಮೇಲೆ ಆ ಸ್ಲ್ಯಾಬು ಹೊತ್ತು ಪಾಠ ಕೇಳುವವು ನಮ್ಮ ಮಕ್ಕಳು!

ಇದಕ್ಕೆ ಮದ್ದು ಹೊಸದೇನಲ್ಲ. ಹಡಗಿನ ತಳದ ತಾಮ್ರದ ಹೊದಿಕೆ ಉಳಿಸಲು ರಸಾಯನವಿಜ್ಞಾನಿ ಹಂಫ್ರಿ ಡೇವಿ 1824ರಲ್ಲೇ ಬೇರೆ ಲೋಹದ ತುಂಡನ್ನು ಜೋಡಿಸಿ, ಸವೆಯುವ ಸರದಿಯನ್ನು ಅದಕ್ಕೆ ಕೊಟ್ಟ. ಇವತ್ತು ಕಾಂಕ್ರೀಟಿಗೆ ಬಳಸುವುದು ಅಂಗೈಯಗಲದ ಗಾರೆಬಿಲ್ಲೆ. ನಡುವೆ ಸತುವಿನ ಗಟ್ಟಿ, ಎರಡೂ ಕಡೆ ತಂತಿ. ಸರಳನ್ನು ಹೊಳೆಯುವಂತೆ ಉಜ್ಜಿ, ತೇಪೆಯ ಅಂಚಿನುದ್ದಕ್ಕೂ ಇವನ್ನು ಬಿಗಿಯಾಗಿ ಕಟ್ಟಿ, ಸಂಪರ್ಕ ಕೂಡಿದೆಯೇ ಎಂದು ಮೀಟರಿನಲ್ಲಿ ನೋಡಿ ಆಮೇಲೆ ಗಾರೆ ತುಂಬಬೇಕು. ಸತು ಕರಗುತ್ತ ತನ್ನ ಎಲೆಕ್ಟ್ರಾನುಗಳನ್ನು ಸರಳಿಗೆ ಕೊಡುತ್ತದೆ, ಸರಳು ಉಳಿಯುತ್ತದೆ.

ಸತು ಇದೆಯೆಂದು ಸರಳಿನ ಮೇಲಿನ ಕಾಂಕ್ರೀಟಿನ ಹೊದಿಕೆ, ಅಂದರೆ ಕವರ್, ಕದಿಯಬೇಡಿ. ಸಮುದ್ರದ ಸಿಂಪರಣೆ ತಾಗುವಲ್ಲಿ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಕೇಳುವುದು 50 ಮಿಲಿಮೀಟರ್. ತುಕ್ಕು ತಿಂದು ಸಣ್ಣದಾದ ಸರಳನ್ನು ಯಾವ ಸತುವಿನ ಬಿಲ್ಲೆಯೂ ಮತ್ತೆ ದಪ್ಪ ಮಾಡಲಾರದು. ಅಲ್ಲಿ ಹೊಸ ಸರಳೇ ಸೇರಬೇಕು. ಸತುವೂ ಒಂದು ದಿನ ಮುಗಿಯುತ್ತದೆ, ಹಾಕಿದ ತಾರೀಖು ಕಡತದಲ್ಲಿರಲಿ.

ಊರಿನವರೇ, ನಿಮ್ಮ ಶಾಲೆಯ ಸ್ಲ್ಯಾಬ್ ಕೆತ್ತಿದ ದಿನವೇ ಹೋಗಿ ನೋಡಿ. ಸತು ಕಟ್ಟಿದ್ದೀರಾ ಎಂದು ಕೇಳಿ, ಕಣ್ಣಾರೆ ಕಾಣದೆ ಗಾರೆ ಹಾಕಲು ಬಿಡಬೇಡಿ.