ಬೆಳೆಸಿದ ಪೀಠ

ಮರ ಕಡಿದು ಪೀಠ ಮಾಡುವುದನ್ನು ನಾವೆಲ್ಲ ಬಲ್ಲೆವು, ಪೀಠವನ್ನೇ ಬೆಳೆಸುವುದುಂಟೆ? ಉಂಟು. ಮಳೆಯ ಮರುದಿನ ಹಿತ್ತಲಲ್ಲಿ ತಲೆಯೆತ್ತುವ ನಾಯಿಕೊಡೆಯ ಬುಡದಲ್ಲಿ ಬಿಳಿಯ ಎಳೆಗಳಿರುತ್ತವಷ್ಟೆ. ಅಣಬೆಯ ಜೀವವೆಲ್ಲ ಆ ಜಾಲದಲ್ಲಿದೆ.

ಅಮೆರಿಕದ ಇಕೋವೇಟಿವ್ ಎಂಬ ಸಂಸ್ಥೆ 2007ರಿಂದ ಈ ಜಾಲವನ್ನು ದುಡಿಸಿಕೊಳ್ಳುತ್ತಿದೆ. ಜೋಳದ ದಂಟಿನಂಥ ಹೊಲದ ಕಸವನ್ನು ಕಾಯಿಸಿ ಶುದ್ಧಮಾಡಿ, ಅಣಬೆಯ ಬೀಜ ಬೆರೆಸಿ, ಅಚ್ಚಿನಲ್ಲಿ ತುಂಬಿಡುತ್ತಾರೆ. ನಮ್ಮವರು ಹಾಲಿಗೆ ಹೆಪ್ಪು ಹಾಕಿದಂತೆಯೇ. ಎಳೆಗಳು ಕಸವನ್ನು ತಿನ್ನುತ್ತ, ಹೆಣೆಯುತ್ತ, ಕೆಲವೇ ದಿನಗಳಲ್ಲಿ ಅಚ್ಚಿನ ಆಕಾರಕ್ಕೆ ಗಟ್ಟಿಯಾಗುತ್ತವೆ. ಬಳಿಕ ಬಿಸಿಯಲ್ಲಿ ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಕುಳಿತವರ ಕೆಳಗೆ ಅಣಬೆ ಏಳುವ ಭಯವಿಲ್ಲ! 2014ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಸುಮಾರು 10,000 ಇಟ್ಟಿಗೆಗಳ ಗೋಪುರ ನಿಂತಿತ್ತು. ಬೇಸಗೆ ಕಳೆದ ಮೇಲೆ ಅದನ್ನು ಬಿಚ್ಚಿ ಗೊಬ್ಬರ ಮಾಡಿದರು. 2017ರಲ್ಲಿ ಲಂಡನ್ನಿನಲ್ಲಿ ಸೆಬಾಸ್ಟಿಯನ್ ಕಾಕ್ಸ್, ನಿನೆಲಾ ಇವನೋವಾ ಎಂಬಿಬ್ಬರು ಮರದ ಚೂರುಗಳೊಡನೆ ಬೆಳೆಸಿದ ಸ್ಟೂಲು, ದೀಪಗಳನ್ನು ಪ್ರದರ್ಶಿಸಿದರು.

ಆದರೆ ಇದು ನೀರು ಹೀರುತ್ತದೆ. ಮುಂಬಯಿಯ ಮಳೆಗಾಲದ ಬಾಲ್ಕನಿಗೆ ಸಲ್ಲದು. ಮರದ ಗಟ್ಟಿತನವೂ ಇದಕ್ಕಿಲ್ಲ. ನಮ್ಮನ್ನು ಕೇಳಿದರೆ, ಪೀಠಕ್ಕಿಂತ ಮೊದಲು ಥರ್ಮಾಕೋಲಿನ ಬದಲಿಗೆ ಇದು ಬರಬೇಕು. ವರ್ಗವಾದಾಗಲೆಲ್ಲ ಊರಿಂದೂರಿಗೆ ಸಾಮಾನು ಕಟ್ಟುವ ನಮ್ಮ ಕುಟುಂಬಗಳು ಎಸೆದುಬಂದ ಥರ್ಮಾಕೋಲು ಮಣ್ಣಾಗುವುದೇ ಇಲ್ಲ. ಇದನ್ನಾದರೋ ಪುಡಿಮಾಡಿ ಹೂಕುಂಡಕ್ಕೆ ಹಾಕಬಹುದು. ದೆಹಲಿಯ ಬಂಧುಗಳಿಗೆ ಇನ್ನೊಂದು ಮಾತು: ಕಾರ್ತಿಕದ ಸುಮಾರಿಗೆ ಪಂಜಾಬು, ಹರಿಯಾಣದ ಹೊಲಗಳಲ್ಲಿ ಸುಟ್ಟು ನಿಮ್ಮ ಕಣ್ಣುರಿಸುವ ಭತ್ತದ ಹುಲ್ಲು ಕೂಡ ಅಣಬೆಗೆ ಒಗ್ಗುವ ಆಹಾರವೇ.